ಕಾರಿನೊಳಗಿನ ತೊಟ್ಟಿಲು

ಸೋಮವಾರ ಮಧ್ಯಾಹ್ನ ಹನ್ನೆರಡೂವರೆ. ಮುಂಡರಗಿಯಿಂದ ಸಿಂಗಟಾಲೂರಿಗೆ ಹೋಗುವ ರಸ್ತೆ. ಬೇವಿನ ಮರದ ನೆರಳಲ್ಲಿ ಒಬ್ಬ ಹೆಂಗಸು ಮಲಗಿದ್ದಳು. ದೂರದಿಂದ ನೋಡಿದರೆ ದಣಿದು ಅಡ್ಡಾದವಳಂತೆ ಕಾಣುತ್ತಿತ್ತು. ಆಂಬುಲೆನ್ಸಿನವರು ಹತ್ತಿರ ಹೋದಾಗಲೇ ಗೊತ್ತಾದದ್ದು, ಬಲಗಾಲು ಮೊಣಕಾಲಿನ ಕೆಳಗೆ ಮುರಿದಿದೆ ಎಂದು. ತಲೆಯ ಹಿಂಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹತ್ತು ಮಾರು ಆಚೆ, ರಸ್ತೆಯ ಅಂಚಿನಲ್ಲಿ, ಬುತ್ತಿ ಗಂಟು ಬಿಚ್ಚಿಕೊಂಡು ರೊಟ್ಟಿಗಳು ಮಣ್ಣುಪಾಲಾಗಿದ್ದವು.

ಹೆಸರು ಸಾವಂತ್ರೆವ್ವ. ಮುಂಡರಗಿಯವಳು. ಅರವತ್ತೆರಡು ವರ್ಷ. ಹೊಲದಲ್ಲಿದ್ದ ಗಂಡ ಲಕ್ಷ್ಮಪ್ಪನಿಗೆ ಊಟ ಒಯ್ಯುತ್ತಿದ್ದಳು.

ಸಬ್ ಇನ್ಸ್‌ಪೆಕ್ಟರ್ ಕಲ್ಪನಾ ಬರುವಷ್ಟರಲ್ಲಿ ಆಂಬುಲೆನ್ಸ್ ಹೊರಟುಹೋಗಿತ್ತು. ಅವಳು ರಸ್ತೆಯನ್ನು ಎರಡು ಸಲ ನಡೆದು ನೋಡಿದಳು. ಬ್ರೇಕಿನ ಗುರುತು ಚಿಕ್ಕದು. ಡಾಂಬರು ಬಿಟ್ಟು ಎಡಕ್ಕೆ ಎಳೆದಿತ್ತು. ಗಾಜಿನ ಒಂದು ಚೂರೂ ಬಿದ್ದಿರಲಿಲ್ಲ.

"ಗುದ್ದಿದ್ದು ಇಲ್ಲೆ. ಆಕಿ ಸಿಕ್ಕಿದ್ದು ಅಲ್ಲೆ, ಮರದ ಕೆಳಗ," ಎಂದಳು. "ಯಾರು ಎತ್ತಿ ಒಯ್ದರು?"

ಹೆಡ್ ಕಾನ್‌ಸ್ಟೇಬಲ್ ಪ್ರಲ್ಹಾದ ತಲೆ ಕೆರೆದುಕೊಂಡ. "108ಕ್ಕ ಫೋನ್ ಹೋಗಿದ್ದು ಆಕಿ ಫೋನಿನಿಂದನ ರೀ ಮೇಡಂ. ಗಂಡಸಿನ ಧ್ವನಿ ಅಂತ. ಜಾಗ ಹೇಳಿ ಕಟ್ ಮಾಡ್ಯಾನ."

ಕುರಿ ಕಾಯುವವನೊಬ್ಬ ದೂರದಿಂದ ಕಂಡಿದ್ದಿಷ್ಟು: ಬಿಳಿ ಕಾರು, ಸಿಂಗಟಾಲೂರು ಕಡೆಯಿಂದ ಬಂದು ಮುಂಡರಗಿ ಕಡೆ ಹೋಯಿತು.

ಮರದ ಬುಡದಲ್ಲಿ ಬಿದ್ದಿದ್ದ ಅವಳ ಫೋನಿನ ಮೇಲೆ ಹಳದಿ ಪುಡಿ ಮೆತ್ತಿಕೊಂಡಿತ್ತು. ಪ್ರಲ್ಹಾದ ಅದನ್ನು ನೋಡಿದವನೇ ಹೇಳಿದ, "ಭಂಡಾರ್ರಿ, ಮೈಲಾರಲಿಂಗನ ಅರಿಷಿಣ. ಮೈಲಾರಕ್ಕ ಹೋಗಿ ಬಂದಾವ್ರ ಗಾಡಿ ಇದು."

ಕಲ್ಪನಾ ಮರದ ಕಡೆ ತಿರುಗಿ ನೋಡಿದಳು. ಗುದ್ದಿದವನೇ ನೆರಳಿಗೆ ಹೊತ್ತು ಹಾಕಿದ್ದಾನೆ. ಫೋನ್ ಮಾಡಿದ್ದಾನೆ. ಆಮೇಲೆ ಓಡಿದ್ದಾನೆ. ಎಂಥ ಮನುಷ್ಯ ಇವನು?

* * *

ಮಂಗಳವಾರ ಬೆಳಿಗ್ಗೆ ಗದಗಿನ ಆಸ್ಪತ್ರೆಯಲ್ಲಿ ಸಾವಂತ್ರೆವ್ವ ಕಣ್ಣು ಬಿಟ್ಟಳು. ಪಕ್ಕದಲ್ಲಿ ತಂಗಿ ನೀಲಗಂಗವ್ವ ಕುಳಿತಿದ್ದಳು.

"ಏನು ನೆನಪೈತಿ ಯವ್ವಾ?" ಕಲ್ಪನಾ ಮಂಚಕ್ಕೆ ಬಾಗಿ ಕೇಳಿದಳು.

"ಕಾರು ಎದುರಿಗೆ ಬಂತು ತಂಗಿ. ಒಳಗ ತೊಟ್ಟಲಾ ಕಟ್ಟಿದ್ರು."

"ತೊಟ್ಟಲಾ?"

"ಹೂಂ. ಬಟ್ಟಿ ತೊಟ್ಟಲಾ. ಕೂಸಿಗೆ ಕಟ್ತೀವಲ್ಲ, ಹಂಗ ಜೋಲಾಡಾಕ ಹತ್ತಿತ್ತು."

"ಡ್ರೈವರನ್ನ ನೋಡಿದೇನು?"

"ಮಾರಿ ಕಾಣಲಿಲ್ಲ. ತೊಟ್ಟಲಾ ಅಡ್ಡ ಇತ್ತು." ಅಷ್ಟಕ್ಕೆ ಅವಳಿಗೆ ದಣಿವಾಯಿತು. ನರ್ಸು ಸಾಕೆಂದು ಕೈಸನ್ನೆ ಮಾಡಿದಳು.

ಹೊರಗೆ ಬಂದ ಪ್ರಲ್ಹಾದನ ಮುಖ ಅರಳಿತ್ತು. "ಮುಗೀತಲ್ರಿ ಮೇಡಂ. ಭಂಡಾರ, ತೊಟ್ಟಲಾ. ಕೂಸಿನ ಜವಳ ತೆಗಸಾಕ ಮೈಲಾರಕ್ಕ ಹೋದ ಮಂದಿ."

ಅದೇ ದಿನ ಸಂಜೆಯೊಳಗೆ ಅಂಥದೊಂದು ಕಾರು ಸಿಕ್ಕೂ ಬಿಟ್ಟಿತು. ಕಳಸಾಪುರದ ಸೋಮೇಶನದು. ಬಿಳಿ ಬಣ್ಣ. ಮುಂದಿನ ಒಂದು ದೀಪ ಒಡೆದಿತ್ತು. ಕಾಲಡಿಯ ಮ್ಯಾಟಿನ ಮೇಲೆ ಭಂಡಾರ. ಹಿಂದಿನ ಸೀಟಿನ ಎರಡೂ ಬದಿಯ ಹಿಡಿಕೆಗಳಿಗೆ ಹಳೆ ಸೀರೆ ಬಿಗಿದು ತೊಟ್ಟಿಲು ಕಟ್ಟಿದ್ದರು.

* * *

"ದೀಪ ಒಡದಿದ್ದು ಎತ್ತಿನ ಗಾಡಿ ನೊಗಕ್ಕ ರೀ. ಅದೂ ನಮ್ಮೂರಾಗ," ಸೋಮೇಶ ಠಾಣೆಯ ಬೆಂಚಿನ ಮೇಲೆ ಕುಳಿತು ಅದೇ ಮಾತನ್ನು ಹತ್ತನೇ ಸಲ ಹೇಳಿದ. "ಸೋಮವಾರ ಹನ್ನೊಂದಕ್ಕ ನಾವು ಮುಂಡರಗಿ ದಾಟೀವಿ."

"ಯಾರು ನೋಡ್ಯಾರ?"

"ಯಾರು ನೋಡ್ತಾರ್ರಿ?"

ಬಾಗಿಲಲ್ಲಿ ಅವನ ಹೆಂಡತಿ ಸೀಮಾ ನಿಂತಿದ್ದಳು. ಬೋಳಿಸಿದ ತಲೆಯ ಕೂಸು ಅವಳ ಹೆಗಲ ಮೇಲೆ ಅತ್ತು ಅತ್ತು ನಿದ್ದೆ ಹೋಗಿತ್ತು. "ನಮ್ಮ ಮನಿಯವ್ರು ಇರಿವಿ ತುಳಿಯಾಕೂ ಅಂಜತಾರ್ರಿ ಅಕ್ಕಾರ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕಲ್ಪನಾಗೆ ಚುಚ್ಚಿತು.

ಊರಿನಲ್ಲಿ ಆಗಲೇ ಸುದ್ದಿ ಹಬ್ಬಿತ್ತು. ಮುದುಕಿಯನ್ನು ಗುದ್ದಿ ಓಡಿದವನು ಸಿಕ್ಕ ಎಂದು ಫೋನಿನಿಂದ ಫೋನಿಗೆ ಸೋಮೇಶನ ಫೋಟೋ ಹೋಗುತ್ತಿತ್ತು. ಬುಧವಾರ ಅವನನ್ನು ಕೋರ್ಟಿಗೆ ಒಪ್ಪಿಸಬೇಕು.

ಕಲ್ಪನಾ ಅವನ ಕಾರಿನ ಮುಂದೆ ನಿಂತಳು. ಗಾಜು ಒಡೆದ ದೀಪ, ಆದರೆ ರಸ್ತೆಯ ಮೇಲೆ ಗಾಜಿಲ್ಲ. ಇನ್ನೊಂದು ಮಾತು ಅವಳ ತಲೆಯಿಂದ ಹೋಗುತ್ತಿರಲಿಲ್ಲ. ಸೋಮೇಶನ ತೊಟ್ಟಿಲು ಹಿಂದಿನ ಸೀಟಿನಲ್ಲಿದೆ. ಅದು ಡ್ರೈವರನ ಮುಖಕ್ಕೆ ಅಡ್ಡ ಬರುವುದು ಹೇಗೆ?

* * *

ಬುಧವಾರ ಬೆಳಿಗ್ಗೆ ಎಂಟಕ್ಕೇ ಅವಳು ಆಸ್ಪತ್ರೆಗೆ ಹೋದಳು. ಸಾವಂತ್ರೆವ್ವ ಮಲಗಿದ್ದಳು. ಅಪಘಾತದ ದಿನ ಉಟ್ಟಿದ್ದ ಸೀರೆ ಚೀಲದಲ್ಲಿತ್ತು. ಕಲ್ಪನಾ ಬೆಟಗೇರಿಯ ನೇಕಾರರ ಮನೆಯ ಮಗಳು. ಅವ್ವ ಮಲ್ಲವ್ವನ ಮಗ್ಗದ ಸದ್ದಿನಲ್ಲಿ ಬೆಳೆದವಳು. ಸೀರೆ ಕೈಗೆ ಬಂದರೆ ಬೆರಳು ತಾನಾಗಿ ನೂಲನ್ನು ತಡವುತ್ತಿತ್ತು. ಕೆಂಪು ಅಂಚಿನ ಹತ್ತಿಯ ಸೀರೆ. ಹೆಗಲಿನ ಕಡೆ ಹಳದಿ ಪುಡಿ. ಮೊಣಕಾಲಿನ ಕಡೆ ಅಂಚು ಹರಿದು ಕೆಲವು ಎಳೆಗಳು ಕಿತ್ತುಹೋಗಿದ್ದವು.

ನೀಲಗಂಗವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಕಲ್ಪನಾ ಅದನ್ನೇ ನೋಡಿದಳು.

"ಚಿಕ್ಕವ್ವಾ, ಸ್ವಲ್ಪ ಸುಣ್ಣಾ ಕೊಡು."

"ನೀ ಎಲಿ ತಿಂತೀಯೇನ ತಂಗಿ?"

"ಇಲ್ಲ. ಅರಿಷಿಣಕ್ಕ ಸುಣ್ಣಾ ಕೂಡಿದ್ರ ಏನಾಗ್ತೈತಿ?"

"ಕೆಂಪಗಾಗ್ತೈತಿ. ಓಕಳಿ ಮಾಡಾಕ ಮತ್ತೇನು ಕಲಸ್ತಾರ?"

ಕಲ್ಪನಾ ಚಿಟಿಕೆ ಪುಡಿಯನ್ನು ಕಾಗದದ ಮೇಲೆ ಉದುರಿಸಿ ಸುಣ್ಣದ ನೀರು ಬಿಟ್ಟಳು. ಕಾದಳು. ಪುಡಿ ಹಳದಿಯಾಗಿಯೇ ಉಳಿಯಿತು. ಬೆರಳಿನಿಂದ ಒತ್ತಿದರೆ ಹಳತಾದ ರಬ್ಬರಿನಂತೆ ಅಂಟಿಕೊಂಡಿತು.

ಅದು ಭಂಡಾರವಲ್ಲ.

ಕಾಗದವನ್ನು ಮಡಚಿಕೊಂಡು ಹೊರಗೆ ಬಂದಳು. ಆಸ್ಪತ್ರೆಯ ಗೇಟಿನಲ್ಲಿ ಒಂದು ಹಳೆ ಬಾಡಿಗೆ ಕಾರು ನಿಂತಿತ್ತು. ಚಾಲಕ ಕರೀಮಸಾಬ ಬಾಗಿಲು ತೆರೆದಿಟ್ಟು ಕಾರಿನ ಒಳಚಾವಣಿಯ ಬಟ್ಟೆಗೆ ಗುಂಡುಪಿನ್ನು ಚುಚ್ಚುತ್ತಿದ್ದ. ಅಲ್ಲಿ ಅಂಟಿಸಿದ್ದ ಬಟ್ಟೆ ಬಿಟ್ಟುಕೊಂಡು ಹೊಟ್ಟೆಯಂತೆ ಇಳಿಬಿದ್ದಿತ್ತು. ಪಿನ್ನು ಚುಚ್ಚಿದಾಗೆಲ್ಲ ಅವನ ಹೆಗಲ ಮೇಲೆ ಹಳದಿ ಪುಡಿ ಉದುರುತ್ತಿತ್ತು.

ಕಲ್ಪನಾ ನಿಂತಲ್ಲೇ ನಿಂತಳು.

"ಇದೇನ್ರಿ ಪುಡಿ?"

"ಬಟ್ಟಿ ಬೆನ್ನಿಗೆ ಫೋಮ್ ಇರ್ತೈತ್ರಿ ಮೇಡಂ. ಬಿಸಲಿಗೆ ಹಿಟ್ಟಾಗಿ ಬಿಡ್ತೈತಿ. ಫೋಮ್ ಹೋದ್ರ ಬಟ್ಟಿ ಯಾವ ಆಧಾರದ ಮ್ಯಾಲೆ ನಿಲ್ಲಬೇಕು?"

"ಪಿನ್ನು ಹಾಕಿದ್ರ ನಿಲ್ತೈತೇನು?"

"ನಾಕ ದಿನ. ಕಿಡಕಿ ತಗದು ಜೋರ ಹೋದ್ರ ಗಾಳಿ ಹೊಕ್ಕು ಪೂರಾ ಕಿತ್ತ ಬರ್ತೈತಿ. ಹೊಸಾ ಬಟ್ಟಿ ಹಾಕಸಬೇಕ್ರಿ. ಅದಕ್ಕ ಉಸ್ಮಾನಸಾಬರ ಕೈನ ಬೇಕು."

* * *

ಉಸ್ಮಾನಸಾಬನ ಕುಶನ್ ಅಂಗಡಿ ಗದಗಿನ ಬಸ್ ನಿಲ್ದಾಣದಿಂದ ಹತ್ತು ನಿಮಿಷದ ದಾರಿ. ವಯಸ್ಸು ಅರವತ್ತರ ಮೇಲೆ. ಬೆರಳುಗಳು ಅಂಟಿನಿಂದ ಕಪ್ಪಾಗಿದ್ದವು. ಮಗಳು ಅಸ್ಮಾ ಒಳಗೆ ಸೀಟಿನ ಕವರು ಹೊಲಿಯುತ್ತಿದ್ದಳು. ಅಂಗಳದಲ್ಲಿ ಎರಡು ಬಿಳಿ ಕಾರುಗಳು.

ಪ್ರಲ್ಹಾದನನ್ನು ಜೊತೆಗೆ ಕರೆತಂದಿದ್ದ ಕಲ್ಪನಾ ಕಾಗದ ಬಿಚ್ಚಿ ತೋರಿಸಿದಳು. ಅವನು ಪುಡಿಯನ್ನು ಮುಟ್ಟಲಿಲ್ಲ.

"ಹಳೇ ಫೋಮ್ ರೀ," ಎಂದ. "ರೂಫಿನ ಹಲಗಿ ಇಳಿಸಿ ಬ್ರಷ್ ತಗೊಂಡು ಇದನ್ನೆಲ್ಲಾ ಉಜ್ಜಿ ತಗೀಬೇಕು. ಒಂದು ಕಣ ಉಳದ್ರೂ ಹೊಸಾ ಬಟ್ಟಿ ಹಿಡಿಯಂಗಿಲ್ಲ. ಎರಡೂ ಕಡೆ ಸಲ್ಯೂಷನ್ ಹಚ್ಚಿ, ಆರಾಕ ಬಿಟ್ಟು, ನಡುವಿನಿಂದ ಅಂಚಿಗೆ ಅಂಗೈಲೆ ಒತ್ತಬೇಕು. ಅವಸರ ಮಾಡಬಾರದು."

ಅವಳು ಸಂಗತಿ ಹೇಳಿದಳು. ಮುದುಕಿಯ ಕಾಲು. ತೊಟ್ಟಿಲು. ಠಾಣೆಯ ಬೆಂಚಿನ ಮೇಲಿರುವ ಸೋಮೇಶ. ಸೀಮಾಳ ಹೆಗಲ ಮೇಲಿನ ಕೂಸು.

ಉಸ್ಮಾನಸಾಬನ ಕೈಯಲ್ಲಿದ್ದ ಕತ್ತರಿ ಬಟ್ಟೆಯ ನಡುವೆ ನಿಂತಿತು. "ಅವನ್ನ ಇಟಗೊಂಡೀರೇನ್ರಿ?"

"ಇಟಗೊಂಡೀವಿ. ಈ ವಾರ ರೂಫ್ ಕೆಲಸಕ್ಕ ಬಿಳಿ ಗಾಡಿ ಯಾವ್ಯಾವ ಬಂದಾವ?"

"ಎರಡ್ರಿ. ಒಂದು ಲಕ್ಷ್ಮೇಶ್ವರದ್ದು. ಇನ್ನೊಂದು ಸಿಂಗಟಾಲೂರಿನ ಪರಶುರಾಮ ಮಾಸ್ತರದು. ಅದು ಸೋಮವಾರ ಬಂತು."

ಕಲ್ಪನಾ ಎರಡನೇ ಕಾರಿನ ಮುಂದೆ ಮಂಡಿಯೂರಿದಳು. ಬಂಪರಿನ ಎಡಬದಿ ಸ್ವಲ್ಪ ಒಳಗೆ ಹೋಗಿತ್ತು. ದೀಪ ಸರಿಯಾಗಿತ್ತು. ನಂಬರ್ ಪ್ಲೇಟಿನ ಸ್ಕ್ರೂಗೆ ನಾಲ್ಕು ಕೆಂಪು ಎಳೆಗಳು ಸಿಕ್ಕಿಕೊಂಡಿದ್ದವು. ಹತ್ತಿಯ ನೂಲು. ಸೀರೆಯ ಅಂಚಿನದು. ಅವಳಿಗೆ ಎರಡನೇ ಸಲ ನೋಡುವ ಅಗತ್ಯವಿರಲಿಲ್ಲ.

"ಪ್ರಲ್ಹಾದ, ಗಾಡಿ ಮುಟ್ಟಾಕ ಯಾರನ್ನೂ ಬಿಡಬ್ಯಾಡ್ರಿ. ಸೋಮೇಶನ್ನ ಕೋರ್ಟಿಗೆ ಕಳಸಬ್ಯಾಡ್ರಿ ಅಂತ ಠಾಣೆಗೆ ಫೋನ್ ಮಾಡ್ರಿ. ನಾ ಸಿಂಗಟಾಲೂರಿಗೆ ಹೊಂಟೀನಿ."

ಕಾರನ್ನು ಇಲ್ಲಿಗೆ ತಂದವರು ಯಾರು ಎಂದು ಅವಳು ಕೇಳಬೇಕಿತ್ತು. ಮಾಸ್ತರರೇ ಇರಬೇಕೆಂದುಕೊಂಡು ಕೇಳಲಿಲ್ಲ.

* * *

ಪರಶುರಾಮ ಮಾಸ್ತರರು ಕಟ್ಟೆಯ ಮೇಲೆ ಕುಳಿತಿದ್ದರು. ನಿವೃತ್ತರಾಗಿ ಹದಿನಾಲ್ಕು ವರ್ಷವಾಗಿತ್ತು. ಒಂದು ಕಣ್ಣಿಗೆ ಹಸಿರು ಪರದೆ.

"ಕಣ್ಣಿನ ಆಪರೇಷನ್ ಯಾವಾಗ ಆತ್ರಿ ಮಾಸ್ತರ?"

"ಮೊನ್ನಿ ಶನಿವಾರ. ಡಾಕ್ಟರು ಮನಿ ಬಿಟ್ಟು ಹೊರಗ ಹೋಗಬ್ಯಾಡ ಅಂದಾರ. ಯಾಕ ತಂಗಿ?"

ಕಲ್ಪನಾ ಅಲ್ಲೇ ಕುಳಿತುಬಿಟ್ಟಳು. "ಹಂಗಾರ ಸೋಮವಾರ ನಿಮ್ಮ ಕಾರು ಗದಗಿಗೆ ಹೆಂಗ ಹೋತು?"

"ಉಸ್ಮಾನ ಬಂದು ಒಯ್ದ. ಇಪ್ಪತ್ತು ವರ್ಷದಿಂದ ಅಂವನ ನೋಡಿಕೊಂತಾನ. ಬಟ್ಟಿ ಇಳಿಬಿದ್ದಿತ್ತು. ಪೂರಾ ಹರದು ಒಗದು ಆಮ್ಯಾಲೆ ಹೋಗೋ ಅಂದೆ. ಬ್ಯಾಡ್ರಿ, ಹಳೇ ಬಟ್ಟಿ ಅಳತಿಗೆ ಬೇಕು, ಗದಗ ಮುಟ್ಟೂಮಟಾ ಪಿನ್ನ ಸಾಕು ಅಂದ. ಚಹಾ ಕುಡದು ಹನ್ನೊಂದೂವರಿಗೆ ಹೊಂಟ." ಮಾಸ್ತರರು ಅವಳ ಮುಖವನ್ನು ಒಂದೇ ಕಣ್ಣಿನಿಂದ ಹುಡುಕಿದರು. "ಏನಾಗೇತಿ ತಂಗಿ? ಉಸ್ಮಾನ ಆರಾಮ ಅದಾನಿಲ್ಲ?"

ಅವಳು ಕಟ್ಟೆಯಿಂದ ಎದ್ದು ಹೊರಟಳು.

* * *

ಅವಳು ಗದಗಿಗೆ ಮರಳಿದಾಗ ಮೂರು ಗಂಟೆ. ಉಸ್ಮಾನಸಾಬ ಕೈಯ ಅಂಟು ತೊಳೆದು, ಬಿಳಿ ಅಂಗಿ ಹಾಕಿಕೊಂಡು, ಪ್ರಲ್ಹಾದನ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದ. ಬಾಗಿಲಿಗೆ ಒರಗಿ ನಿಂತಿದ್ದ ಅಸ್ಮಾ ಅಳುತ್ತಿದ್ದಳು.

"ಮಾಸ್ತರ ಹೇಳಿದ್ರೇನ್ರಿ?" ಎಂದ.

"ಹೇಳಿದ್ರು."

"ನಾ ಪ್ರಲ್ಹಾದ ಅವರಿಗೆ ಆಗಲೇ ಹೇಳೀನ್ರಿ. ಆ ಹುಡುಗನ್ನ ಬಿಡ್ರಿ."

"ಬಿಟ್ಟಾರ. ಮುಂಜಾನಿ ಯಾಕ ಹೇಳಲಿಲ್ಲ?"

"ಬಾಯಿಗೆ ಬಂತ್ರಿ. ಮಗಳು ಒಳಗ ಕುಂತಿದ್ಲು."

ಕಲ್ಪನಾ ಅವನ ಎದುರು ಕುಳಿತಳು. ತಾನು ಹೆಣೆದದ್ದನ್ನು ಒಂದೊಂದಾಗಿ ಹೇಳಿದಳು. "ಸುಣ್ಣಕ್ಕ ಕೆಂಪಾಗದ ಹಳದಿ. ಅಂದ್ರ ಭಂಡಾರ ಅಲ್ಲ, ಫೋಮು. ಡ್ರೈವರನ ಮಾರಿಗೆ ಅಡ್ಡ ಬಂದ ತೊಟ್ಟಲಾ. ಅಂದ್ರ ತೊಟ್ಟಲಾ ಅಲ್ಲ, ಕಿತ್ತು ಬಂದ ರೂಫಿನ ಬಟ್ಟಿ. ನಿಮ್ಮ ಮೈಮ್ಯಾಲೆ ಪುಡಿ ಬಿತ್ತು. ಆಕೀನ್ನ ಎತ್ತಿದಾಗ ಹೆಗಲಿಗೆ ಹತ್ತಿತು. ಆಕಿ ಫೋನ್ ಹಿಡದಾಗ ಫೋನಿಗೆ ಹತ್ತಿತು. ಬಂಪರಿನ್ಯಾಗ ಆಕಿ ಸೀರಿ ಎಳಿ. ಗಾಡಿ ತಂದವರು ನೀವು. ಹೌದಲ್ರಿ?"

"ಹೌದ್ರಿ." ಅವನು ಅಂಗೈಗಳನ್ನು ನೋಡಿಕೊಂಡ. "ಸೆಕಿ ಅಂತ ಕಿಡಕಿ ತಗದಿದ್ದೆ. ಪಟ್ ಅಂತ ಬಟ್ಟಿ ಕಿತ್ತು ಮಾರಿ ಮ್ಯಾಲೆ ಬಿತ್ತು. ಕಣ್ಣಾಗ ಪುಡಿ. ಬ್ರೇಕ್ ಹೊಡೆಯೂದ್ರೊಳಗ ಸಪ್ಪಳ ಆತು. ಅಂಬುಲೆನ್ಸಿನ ಸಪ್ಪಳ ಕೇಳೂಮಟಾ ಆಕಿ ಬಾಜೂಕ ಕುಂತಿದ್ದೆ. ಆಮ್ಯಾಲೆ ಅಂಜಿಕಿ ಬಂತು. ಮಂದಿ ಕೂಡಿದ್ರ ಬಡದು ಹಾಕ್ತಾರ ಅಂತ ಅಂಜಿದೆ. ಮನಿ ಮುಟ್ಟಿದ ಮ್ಯಾಲೆ ಬ್ಯಾರೆ ಅಂಜಿಕಿ. ಮೂವತ್ತೈದು ವರ್ಷದ ಕೆಲಸ ರೀ. ಪಿನ್ನಿನ ಮ್ಯಾಲೆ ನಂಬಬ್ಯಾಡ್ರಿ ಅಂತ ಊರಿಗೆಲ್ಲಾ ಹೇಳಾಂವ ನಾನ. ನಾನ ನಂಬಿದೆ."

ಕಲ್ಪನಾಗೆ ಆ ಮುದುಕನನ್ನು ಬೈಯಬೇಕೆನಿಸಿತು. ಬೈಯಲಾಗಲಿಲ್ಲ. ಸೀಮಾಳ ಮುಖ ನೆನಪಾಯಿತು. ಸಮಾಧಾನ ಹೇಳಲೂ ಆಗಲಿಲ್ಲ.

"ನಡ್ರಿ ಚಾಚಾ," ಎಂದಳು.

* * *

ಉಸ್ಮಾನಸಾಬನ ಮೇಲೆ ಕೇಸು ದಾಖಲಾಯಿತು. ಜಾಮೀನೂ ಸಿಕ್ಕಿತು. ಅವನು ಜಾಮೀನಿನ ಮೇಲೆ ಹೊರಗೆ ಬಂದವನೇ ಮೊದಲು ಕಳಸಾಪುರಕ್ಕೆ ಹೋದ. ಸೋಮೇಶ ಬಾಗಿಲು ತೆರೆಯಲಿಲ್ಲ. ಎರಡನೇ ಸಲ ಹೋದಾಗ ಸೀಮಾ ಕುಡಿಯಲು ನೀರು ಕೊಟ್ಟಳು. ಅಷ್ಟೇ. ಸೋಮೇಶ ನಿರಪರಾಧಿ ಎಂಬ ಮಾತನ್ನು ಕಲ್ಪನಾ ಸ್ವತಃ ಬರೆದು, ಅವನ ಫೋಟೋ ಹಂಚಿದ್ದ ಗುಂಪುಗಳಿಗೆಲ್ಲ ಕಳಿಸಿದಳು. ಎಷ್ಟು ಜನ ಓದಿದರೋ ಗೊತ್ತಿಲ್ಲ.

ಮೂರು ವಾರಗಳ ಮೇಲೆ ಸಾವಂತ್ರೆವ್ವನ ಹೇಳಿಕೆ ಪೂರ್ತಿ ಬರೆದುಕೊಳ್ಳಲು ಕಲ್ಪನಾ ಮುಂಡರಗಿಯ ಅವಳ ಮನೆಗೆ ಹೋದಳು. ಕಾಲಿಗೆ ಪಟ್ಟಿ. ತಲೆಯ ಗಾಯ ಮಾಗಿತ್ತು. ಉಸ್ಮಾನಸಾಬನ ಫೋಟೋ ಕೈಗೆ ಕೊಟ್ಟು ಗುರುತು ಸಿಕ್ಕಿತೇ ಎಂದು ಕೇಳಿದಳು.

ಸಾವಂತ್ರೆವ್ವ ಬಹಳ ಹೊತ್ತು ನೋಡಿದಳು.

"ಗುದ್ದಿದಾಂವನ ಮಾರಿ ನಾ ನೋಡಿಲ್ಲ ತಂಗಿ. ಆಮ್ಯಾಲೆ ಒಬ್ಬ ನನ್ನ ತಲಿ ತೊಡಿ ಮ್ಯಾಲೆ ಇಟಗೊಂಡು ನೀರು ಕುಡಿಸಿದ. ಈಗೀಗ ನೆನಪಾಗಾಕ ಹತ್ತೈತಿ. ಅಳಾಕ ಹತ್ತಿದ್ದ. ಇವನ ಅಂವ."

"ಇವರ ಗಾಡಿನ ಗುದ್ದಿದ್ದು ಯವ್ವಾ. ಅವರ ಒಪ್ಪಿಕೊಂಡಾರ."

"ಹೌದೇನು?" ಅವಳು ಫೋಟೋವನ್ನು ಹಾಸಿಗೆಯ ಮೇಲಿಟ್ಟಳು. ಪಟ್ಟಿ ಕಟ್ಟಿದ ಕಾಲನ್ನು ಎರಡೂ ಕೈಯಿಂದ ಹಿಡಿದು ನಿಧಾನ ಸರಿಸಿಕೊಂಡಳು. ನೋವಿಗೆ ತುಟಿ ಕಚ್ಚಿದಳು.

"ಹಂಗಾರ ಗುದ್ದಿ ಓಡಿ ಹೋದಾಂವ ಅಂತ ಬರಕೋ. ನೀರು ಕುಡಿಸಿದಾಂವ ಅಂತನೂ ಬರಕೋ. ಒಂದು ಬಿಟ್ಟು ಒಂದು ಬರೀಬ್ಯಾಡ ತಂಗಿ. ಎರಡೂ ಖರೆ."

ಕಲ್ಪನಾ ಎರಡನ್ನೂ ಬರೆದುಕೊಂಡಳು. ಓದಿ ಹೇಳಿದಳು. ಸಾವಂತ್ರೆವ್ವ ಹೆಬ್ಬೆಟ್ಟು ಒತ್ತಿದಳು.