ಹಾಗಲಕಾಯಿ ನೊಣದ ಸೂಜಿ

"ಸುಳ್ಳು ಅಳತೆ ಬರ್ದೆ ಅಂತ ಒಪ್ಪಿ ಸೈನ್ ಹಾಕ್ಬೇಕಂತೆ ಟೀಚರಮ್ಮ. ಕೈ ಕತ್ತರಿಸಿದ್ರೂ ಹಾಕಾಕಿಲ್ಲ!"

ಮಳವಳ್ಳಿಯ ಪಟ್ಟಲಮ್ಮನವರ ಜಗಲಿಯಲ್ಲಿ ನಿಂತೇ ಶಶಿರೇಖಾ ಸಿಡಿದಳು. ಊರಿನವರಿಗೆ ಬಿಡಿಸಲಾಗದ ಗಂಟೆಲ್ಲ ಬಂದು ಬೀಳುತ್ತಿದ್ದದ್ದು ಈ ನಿವೃತ್ತ ವಿಜ್ಞಾನ ಶಿಕ್ಷಕಿಯ ಮುಂದೆಯೇ. ಅವರ ಬಲಗೈಯಂತಿದ್ದ ಪುಟ್ಟರಾಜು ನೊಣ ಸಂಶೋಧನಾ ಕೇಂದ್ರದ ಅಟೆಂಡರ್. ಅಲ್ಲೇ ಸಂಶೋಧನೆ ಮಾಡುತ್ತಿದ್ದ ಈ ಹುಡುಗಿಯನ್ನು ಕರೆತಂದವನೂ ಅವನೇ.

ಆರು ತಿಂಗಳು ಶಶಿರೇಖಾ ಹುಳ ಬಿದ್ದ ಹೀರೆ, ಹಾಗಲಕಾಯಿಗಳನ್ನು ಬೇರೆಬೇರೆ ಇಟ್ಟು, ಹೊರಬಂದ ಹೆಣ್ಣು ನೊಣಗಳನ್ನಷ್ಟೇ ಆರಿಸಿ, ರೆಕ್ಕೆಯನ್ನೂ ಮೊಟ್ಟೆಯಿಡುವ ಸೂಜಿಯನ್ನೂ ಅಳೆದಿದ್ದಳು. ಹಾಗಲದವಕ್ಕೆ ಎರಡೂ ಉದ್ದ. ಜಾತಿ ಒಂದೇ, ಗಿಡಕ್ಕೊಂದು ಪಂಗಡ ಎಂದಳು. ಮಾರ್ಗದರ್ಶಕ ಶಶಿಧರ್ ನಂಬದೆ, ಕಂಪ್ಯೂಟರಿನಲ್ಲಿ ರೆಕ್ಕೆಯ ಚಿತ್ರ ಅಳೆಯುವ ಗಗನಳಿಗೆ ಹೀರೆಯ, ಹಾಗಲದ ನೊಣಗಳ ಎರಡೂ ಪೆಟ್ಟಿಗೆ ಕೊಟ್ಟರು. ಎಲ್ಲ ರೆಕ್ಕೆಯೂ ಒಂದೇ ಅಳತೆ! ಆಮೇಲೆ ತಪ್ಪೊಪ್ಪಿಗೆ ಕೇಳಿದ ಶಶಿಧರ್, ಶಶಿರೇಖಾಳಿಗೆ ಪೆಟ್ಟಿಗೆ ಮುಟ್ಟಲೂ ಬಿಡಲಿಲ್ಲ. ಬೀಗದ ಕೈ ಇದ್ದದ್ದು ಶಶಿಧರ್ ಮತ್ತು ಗಗನಳ ಹತ್ತಿರ ಮಾತ್ರ. ಕೇಂದ್ರದಲ್ಲಿದ್ದ ಒಂದೇ ಒಂದು ಖಾಯಂ ಕೆಲಸಕ್ಕೆ ಇಬ್ಬರು ಹುಡುಗಿಯರೂ ಕಾದಿದ್ದರು.

ಮರುದಿನ ಪಟ್ಟಲಮ್ಮ ಕೇಂದ್ರಕ್ಕೆ ಬಂದು, ಪೆಟ್ಟಿಗೆ ತೆಗೆಸಿ, ಭೂತಗನ್ನಡಿ ಹಿಡಿದು ಒಂದೊಂದೇ ನೊಣ ನೋಡಿದರು.

"ನಿಮ್ಮೂರು ಯಾವ್ದವ್ವ ಗಗನ?"

"ಹಲಗೂರು. ಹೀರೆ ತೋಟ ಐತೆ."

"ವಾಸನೆ ತೋರ್ಸಿ ನೊಣ ಹಿಡಿಯೋ ಮೋಹಕ ಬಲೆ ಕಟ್ಟಿದ್ದೀರಾ?"

"ಎಲ್ರೂ ಕಟ್ತಾರಲ್ಲ..."

ಪಟ್ಟಲಮ್ಮ ಎಲ್ಲರನ್ನೂ ಕೂರಿಸಿದರು. "ಇಲ್ಲಿ ಒಂದು ನೊಣಕ್ಕೂ ಸೂಜಿ ಇಲ್ಲ. ಎಲ್ಲಾ ಗಂಡು. ಶಶಿರೇಖಾ ಅಳೆದದ್ದು ಹೆಣ್ಣು, ಅಂದ್ಮೇಲೆ ಇವು ಅವಳವಲ್ಲ. ಕಾಯಿಂದ ಗಂಡು ಹೆಣ್ಣು ಎರಡೂ ಬತ್ತವೆ, ಬಲೆಯ ವಾಸನೆಗೆ ಬೀಳೋದು ಗಂಡು ಮಾತ್ರ. ಒಂದೇ ತೋಟದ ಬಲೆಯಿಂದ ತಂದು ಎರಡೂ ಪೆಟ್ಟಿಗೆ ತುಂಬವ್ರೆ, ಅದ್ಕೇ ಎಲ್ಲಾ ಒಂದೇ ಅಳತೆ. ಶಶಿಧರ್ ಸಾವಿರಾರು ನೊಣ ನೋಡಿರೋರು, ಈ ತಪ್ಪು ಮಾಡಾಕಿಲ್ಲ. ರೆಕ್ಕೆ ಬಿಟ್ಟು ಬೇರೇನೂ ನೋಡ್ದೇ ಇರೋರು ಮಾಡ್ತಾರೆ."

ಗಗನ ತಲೆ ತಗ್ಗಿಸಿದಳು. "ಆ ಕೆಲ್ಸ ನಂಗೆ ಬೇಕಿತ್ತು. ಹಳೇವ್ನ ಸುಟ್ಟಾಕ್ದೆ."

"ಥೂ!" ಎಂದ ಪುಟ್ಟರಾಜು.

"ನೀವು ಪೆಟ್ಟಿಗೆ ತೆಗೆದೇ ನೋಡ್ಲಿಲ್ವಾ ಸ್ವಾಮಿ?" ಪಟ್ಟಲಮ್ಮ ಶಶಿಧರ್ ಕಡೆ ತಿರುಗಿದರು.

"ಅಂಕಿ ಮಾತ್ರ ನೋಡಿದೆ." ಶಶಿಧರ್ ಮುಖ ಒರೆಸಿಕೊಂಡರು. "ಆದರೂ ಶಶಿರೇಖಾ, ನೊಣವೇ ಇಲ್ಲವಲ್ಲಮ್ಮ, ನಿನ್ನ ಅಳತೆಗೆ ಸಾಕ್ಷಿ ಎಲ್ಲಿ? ಇಲ್ಲಿಗೇ ಬಿಟ್ಟುಬಿಡೋಣ."

"ಯಾಕ್ ಬುಡ್ಲಿ ಸಾರ್? ತೋಟದಲ್ಲಿ ಹಾಗಲ ಇರೋಗಂಟ ನೊಣ ಬತ್ತವೆ. ಮೊದ್ಲಿಂದ ಅಳೀತೀನಿ. ಈ ಸಲ ಒಂದೊಂದು ನೊಣಾನೂ ನೀವು ಪಕ್ಕದಲ್ಲೇ ಕೂತು, ಕಣ್ಣಾರೆ ನೋಡ್ಬೇಕು!"

ಯಾರೂ ಹೇಳುವ ಮೊದಲೇ ಪುಟ್ಟರಾಜು ಎದ್ದ. ಅವನೇ ಹೋಗಿ ಸಾಹೇಬರ ಕುರ್ಚಿ ಎತ್ತಿ ತಂದು ಶಶಿರೇಖಾಳ ಸೂಕ್ಷ್ಮದರ್ಶಕದ ಪಕ್ಕದಲ್ಲಿ ಹಾಕಿದ.