ಜನರಲ್ ಉಟ್ಟ ಬಿಳಿಯ ಕಿಮೋನೊ

ಜನರಲ್ ಅಕಿಜುಕಿ ಹೊಟ್ಟೆ ಸೀಳಿಕೊಂಡು ಸತ್ತನೆಂಬ ಸುದ್ದಿ ಠಾಣೆಗೆ ಬಂದಾಗ ಪೇದೆ ನಿಷಿವಾಕಿಗೆ ಅಚ್ಚರಿಯಾಗಲಿಲ್ಲ, ಹೊಟ್ಟೆ ಉರಿಯಿತು. ಜಪಾನ್ ಸೋತ ಮೇಲೆ ಆ ಶರತ್ಕಾಲದಲ್ಲಿ ದೊಡ್ಡವರು ಹೀಗೆ ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಿದ್ದರು. ಊರುಗಳನ್ನು ಬೂದಿ ಮಾಡಿಸಿದವರಿಗೆ ಸಾವೂ ಎಷ್ಟು ಸಲೀಸು!

ಜನರಲ್‌ನ ಮನೆಯಲ್ಲಿ ಅವನ ಕೋಣೆಯ ಚಾಪೆ ರಕ್ತ ಕುಡಿದು ಕಪ್ಪಾಗಿತ್ತು. ಪಕ್ಕದಲ್ಲಿ ಗಿಡ್ಡ ಕತ್ತಿ ಬಿದ್ದಿತ್ತು. ಹೆಣದ ಮೇಲೆ ಬಿಳಿಯ ಕಿಮೋನೊ. ಅದರ ಬಲ ಸೆರಗು ಎಡದ ಮೇಲೆ ಒಪ್ಪವಾಗಿ ಕೂತಿತ್ತು, ಸೊಂಟಪಟ್ಟಿ ಬಿಗಿಯಾಗಿತ್ತು, ಬಟ್ಟೆಗೆ ಅಲ್ಲಲ್ಲಿ ಮಾತ್ರ ಕಲೆ. ಇನ್ಸ್‌ಪೆಕ್ಟರ್ ಇಸೊಗಾಯ್ ಅದನ್ನು ಸರಿಸಿದ. ಕರುಳು ಕಂಡು ನಿಷಿವಾಕಿ ಮುಖ ತಿರುಗಿಸಿದ.

ಜನರಲ್‌ನ ಹೆಂಡತಿ ಫುಮಿ ಬೆಳಗ್ಗೆಯಷ್ಟೇ ತಂಗಿಯ ಊರಿಂದ ಬಂದಿದ್ದಳು. "ಯುದ್ಧಕೈದಿಗಳನ್ನ ಕೊಲ್ಲಿಸಿದ ಆಜ್ಞೆ ಯಾರದು ಅಂತ ಅಮೆರಿಕದವರ ಮುಂದೆ ಹೇಳ್ತೀನಿ, ತ್ಸುಚಿದನ ಕೊರಳು ಉಳಿಸ್ತೀನಿ ಅಂದಿದ್ರು. ಅಂಥವರು ಸಾಯ್ತಾರಾ?"

ತ್ಸುಚಿದ ಜನರಲ್‌ನ ಸೇವಕ ಸಿಪಾಯಿ. ಆಜ್ಞೆ ಪಾಲಿಸಿದ ತಪ್ಪಿಗೆ ನೇಣು ಕಾದಿತ್ತು. ಕೊನೆಯ ಬಾಂಬ್ ದಾಳಿಯಲ್ಲಿ ಎಡಗೈಯೂ ಹೋಗಿತ್ತು. ಅವನು ಗೋಡೆಗೊರಗಿ ಸುಮ್ಮನೆ ಅಳುತ್ತಿದ್ದ.

"ವೀರನ ಸಾವು," ಎಂದ ಮನೆಯ ಅತಿಥಿ, ಮಾಜಿ ಮಂತ್ರಿ ಕುರೊಇವಾ. "ರಾತ್ರಿ ಇಬ್ರೂ ಸಾಕೆ ಮದ್ಯ ಕುಡಿದು ಮಲಗಿದ್ವಿ. ಬೆಳಗ್ಗೆ ನೋಡಿದ್ರೆ ಹೀಗೆ. ನಾನು ಮುಟ್ಟಿಯೂ ಇಲ್ಲ."

ಇಸೊಗಾಯ್ ಎಲ್ಲರನ್ನೂ ಹೆಣದ ಮುಂದೆ ಕೂರಿಸಿದ.

"ಬದುಕಿರೋರು ಎಡ ಸೆರಗನ್ನ ಮೇಲೆ ತರ್ತಾರೆ. ಬಲ ಸೆರಗು ಮೇಲೆ ಬರೋದು ಹೆಣಕ್ಕೆ. ಇದನ್ನ ಉಡಿಸಿದವರ ಕೈಗೆ ಗೊತ್ತಿತ್ತು, ಇವರು ಆಗಲೇ ಸತ್ತಿದ್ರು ಅಂತ."

"ಸಾಯೋಕೆ ಹೊರಟವನು ಸತ್ತವರ ಥರ ಉಟ್ಕೊಂಡಿರಬಹುದಲ್ಲ?" ಕುರೊಇವಾ ನಕ್ಕ.

"ಹಾಗಾದ್ರೆ ಚಾಪೆ ತೊಯ್ದು ತೊಪ್ಪೆಯಾಗಿ, ಬಟ್ಟೆಗೆ ಬರೀ ಕಲೆ ಯಾಕೆ? ಇರಿದಾಗ ಬೇರೆ ಬಟ್ಟೆ ಇತ್ತು. ಫುಮಿ ಅಮ್ಮನವರು ಊರಲ್ಲಿರಲಿಲ್ಲ. ಈ ಪಟ್ಟಿ ಇಷ್ಟು ಬಿಗಿಯಾಗಿ ಕಟ್ಟೋಕೆ ಎರಡು ಕೈ ಬೇಕು, ತ್ಸುಚಿದನಿಗಿರೋದು ಒಂದೇ. ಉಳಿದವರು ನೀವು. ಕೈದಿಗಳನ್ನ ಕೊಲ್ಲಿಸಿದ ಆ ಆಜ್ಞೆಯೂ ನಿಮ್ಮದೇ ಅಲ್ವಾ, ಮಂತ್ರಿಗಳೇ?"

ಕುರೊಇವಾನ ನಗು ಆರಿತು. "ಮಾರ್ಚ್ ತಿಂಗಳ ಬಾಂಬ್ ಬೆಂಕಿಯಲ್ಲಿ ಸತ್ತ ಹೆಂಡತಿ, ಮಕ್ಕಳು ಎಲ್ಲರಿಗೂ ನಾನೇ ಹೀಗೆ ಉಡಿಸಿದೆ," ಎಂದು ಗೊಣಗಿದ. "ಕೈ ಅದನ್ನೇ ಮಾಡಿಬಿಡ್ತು."

ಮರುಕ್ಷಣ ಅವನು ಕತ್ತಿ ಬಾಚಿ ತನ್ನ ಹೊಟ್ಟೆಗೇ ಗುರಿಯಿಟ್ಟ. ಇಸೊಗಾಯ್ ಅಲಗನ್ನೇ ಹಿಡಿದ; ಅಂಗೈ ಸೀಳಿ ರಕ್ತ ಚಿಮ್ಮಿತು. ಅಷ್ಟರಲ್ಲಿ ತ್ಸುಚಿದ ಹಾರಿ ಕುರೊಇವಾನನ್ನು ಕೆಡವಿ, ಎದೆಯ ಮೇಲೆ ಕೂತು, ಇದ್ದ ಒಂದೇ ಕೈಯಿಂದ ಅವನ ಮಣಿಕಟ್ಟನ್ನು ನೆಲಕ್ಕೆ ಬಡಿದು ಬಡಿದು ಮುರಿದ. ಕತ್ತಿ ಕಳಚಿ ಬಿತ್ತು.

"ಸಾಯೋಕೆ ಬಿಡು!" ಕುರೊಇವಾ ಅರಚಿದ.

"ಇಲ್ಲ, ಸ್ವಾಮಿ," ಎಂದ ತ್ಸುಚಿದ ಏದುಸಿರು ಬಿಡುತ್ತ. "ನೀವು ಬದುಕಿರಬೇಕು. ಅವತ್ತು ನನಗೆ ಕೊಟ್ಟ ಆಜ್ಞೆಯನ್ನ ಅಮೆರಿಕದವರ ಮುಂದೆ ಇನ್ನೊಂದ್ಸಲ ಹೇಳಬೇಕು."