ಬಟಾಣಿಯ ಬ್ಯಾಗಿನಲ್ಲಿದ್ದ ಕಿತ್ತಳೆ

“ಒಬ್ಬರಿಗೆ ಒಂದೇ, ಆಯ್ತಾ? ಯಾರು ಎಷ್ಟೇ ಪೂಸಿ ಹೊಡೆದರೂ ಒಂದೇ!”

ಅಮ್ಮ ಸೂಪಿನ ಪಾತ್ರೆಯ ಹಿಂದಿನಿಂದ ಕೂಗಿದಳು. ಹಬೆಯಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ. ಆಡುವ ಸೌಟು ಮಾತ್ರ ಕಾಣುತ್ತಿತ್ತು.

“ಗೊತ್ತಮ್ಮಾ! ಹತ್ತು ಸಲ ಹೇಳಿದೀಯ,” ಎಂದಳು ಬಟಾಣಿ.

ಪುಟ್ಟ ಮಗುವಾಗಿದ್ದಾಗ ಗುಂಡಗಿದ್ದು, ಕೂರಿಸಿದ ಕಡೆ ಕೂರದೆ ಉರುಳಿಕೊಂಡು ಹೋಗುತ್ತಿದ್ದಳಂತೆ. ಅದಕ್ಕೇ ಅಜ್ಜಿ ಬಟಾಣಿ ಎಂದು ಕರೆದಳು. ಈಗ ಚರ್ಚಿನ ಫಾದರ್ ಕೂಡ ಅವಳನ್ನು ಹಾಗೇ ಕರೆಯುತ್ತಾರೆ.

ಚರ್ಚಿನ ಹಿಂದೆ ಒಂದು ಉದ್ದನೆಯ ಹಾಲ್ ಇದೆ. ಪ್ರತಿ ಭಾನುವಾರ ಬಲಿಪೂಜೆಯ ಪ್ರಾರ್ಥನೆ ಮುಗಿದ ಮೇಲೆ ಅಲ್ಲಿ ಊಟ. ಯಾರು ಬೇಕಾದರೂ ಬರಬಹುದು, ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ಬಿಸಿ ಸೂಪು, ಬ್ರೆಡ್ಡು, ಕೊನೆಯಲ್ಲಿ ಒಂದು ಹಣ್ಣು. ಹಣ್ಣು ಹಂಚುವ ಕೆಲಸ ಬಟಾಣಿಯದು. ಸಾಮಾನ್ಯವಾಗಿ ಸಿಗುತ್ತಿದ್ದುದು ಕಪ್ಪು ಚುಕ್ಕೆ ಬಿದ್ದ ಬಾಳೆಹಣ್ಣು. ಇವತ್ತು ಹಾಗಲ್ಲ. ಇವತ್ತು ಕಿತ್ತಳೆ! ಅಂಗೈಯಲ್ಲಿ ಹಿಡಿಸದಷ್ಟು ದಪ್ಪ, ಉಗುರು ತಾಗಿದರೆ ಸಾಕು, ಘಮ್ ಎನ್ನುವ ವಾಸನೆ. ಸಾಗಣೆ ಲಾರಿಗಳನ್ನು ಇಟ್ಟುಕೊಂಡಿರುವ ಲಾರಿ ಅಂಕಲ್ ಕಳಿಸಿದ್ದು.

ಬಟಾಣಿಯ ಕಾಲಿಗೆ ಮೇಜಿನ ಕೆಳಗಿದ್ದ ತನ್ನ ಬ್ಯಾಗು ತಾಗಿತು. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

ಬ್ಯಾಗಿನಲ್ಲಿ ಎರಡು ಕಿತ್ತಳೆ ಇದ್ದವು.

ಬಾಗಿಲು ತೆರೆಯುವ ಮುಂಚೆ, ಬುಟ್ಟಿಗೆ ಹಣ್ಣು ತುಂಬುವಾಗ, ಕೈ ತಾನಾಗಿ ಎರಡು ಹಣ್ಣನ್ನು ಬ್ಯಾಗಿಗೆ ಹಾಕಿತ್ತು. ಒಂದು ಇವತ್ತಿಗೆ, ಒಂದು ನಾಳೆಗೆ. ಅದನ್ನು ಡಬ್ಬಿ ಆಂಟಿ ನೋಡಿಬಿಟ್ಟರು. ಅಡುಗೆಗೆ ಕೈ ಜೋಡಿಸಲು ಬರುವ ಡಬ್ಬಿ ಆಂಟಿ ಮನೆಯಿಂದ ಖಾಲಿ ಡಬ್ಬಿಗಳನ್ನು ತರುತ್ತಾರೆ, ಹೋಗುವಾಗ ಡಬ್ಬಿಗಳು ಖಾಲಿ ಇರುವುದಿಲ್ಲ. ಅವರು ಬಯ್ಯಲಿಲ್ಲ. ಕಣ್ಣು ಮಿಟುಕಿಸಿದರು.

“ಹಾಕ್ಕೋ, ಹಾಕ್ಕೋ. ಬೆಳಗಿಂದ ದುಡಿದಿದೀವಿ, ಇಷ್ಟೂ ಬೇಡ್ವಾ?” ಎನ್ನುತ್ತಾ ತಮ್ಮ ದೊಡ್ಡ ಡಬ್ಬಿಗೂ ಒಂದಷ್ಟು ಹಣ್ಣು ಇಳಿಸಿದರು. “ಇಷ್ಟೊಂದು ಇದೆ. ಯಾರಿಗೆ ಗೊತ್ತಾಗುತ್ತೆ?”

ಆಗ ಬುಟ್ಟಿ ಗೋಪುರದ ಹಾಗೆ ತುಂಬಿತ್ತು. ಬಟಾಣಿಗೂ ಹಾಗೇ ಅನಿಸಿತ್ತು.

ಈಗ ಬುಟ್ಟಿ ಅರ್ಧ ಆಗಿತ್ತು. ಸಾಲು ಮಾತ್ರ ಬಾಗಿಲಿನ ಆಚೆಗೂ ಇತ್ತು.

“ತಗೊಳ್ಳಿ ಆಂಟಿ. ತಗೊಳ್ಳಿ ಅಣ್ಣ. ತಗೋ ಪಾಪು, ಬೀಳಿಸ್ಬೇಡ.” ಬಟಾಣಿಯ ಬಾಯಿ ಹೇಳುತ್ತಿತ್ತು, ಕಣ್ಣು ಮಾತ್ರ ಒಮ್ಮೆ ಬುಟ್ಟಿಗೆ, ಒಮ್ಮೆ ಬಾಗಿಲಿಗೆ ಓಡುತ್ತಿತ್ತು. ಇವತ್ತೇ ಇಷ್ಟು ಜನ ಬರಬೇಕಾ?

ಛತ್ರಿ ತಾತ ಬಂದರು. ಬಿಸಿಲಿರಲಿ, ಮಳೆಯಿರಲಿ, ಅವರ ಕಂಕುಳಲ್ಲಿ ಛತ್ರಿ ಇದ್ದೇ ಇರುತ್ತದೆ. ಕಿತ್ತಳೆಯನ್ನು ಮೂಗಿನ ಹತ್ತಿರ ಹಿಡಿದು, “ಆಹಾ! ಇದನ್ನ ತಿನ್ನೋಕೆ ಮನಸ್ಸೇ ಬರಲ್ಲ ಮಗಳೇ, ಮೂಸಿಕೊಂಡೇ ಇರ್ತೀನಿ,” ಎಂದರು. ಬಟಾಣಿ ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು.

ಸಾಲಿನ ಕೊನೆಯಲ್ಲಿ ಯಾರೋ ಪರಿಚಯದವರು ಕಂಡ ಹಾಗಾಯಿತು. ಬಟಾಣಿ ಕತ್ತು ಚಾಚಿ ನೋಡಿದಳು. ಎರಡು ಜಡೆ. ಬಿಳಿ ಶೂ.

ಕ್ಲಾಸ್ ಲೀಡರ್!

ಟೀಚರ್ ಇಲ್ಲದಾಗ ಮಾತಾಡಿದವರ ಹೆಸರನ್ನು ಬೋರ್ಡ್ ಮೇಲೆ ಬರೆಯುವ ಲೀಡರ್. ಅವಳು ಬರೆಯುವ ಮೊದಲ ಹೆಸರು ಯಾವಾಗಲೂ ಬಟಾಣಿಯದೇ. ಅವಳಪ್ಪನಿಗೆ ಟೈಲ್ಸ್ ಅಂಗಡಿ ಇತ್ತು. ಕಾರಲ್ಲಿ ಸ್ಕೂಲಿಗೆ ಬರುತ್ತಿದ್ದಳು. ಈಚೆಗೆ ನಡೆದುಕೊಂಡು ಬರುತ್ತಿದ್ದಳು. ಕೇಳಿದರೆ, “ವಾಕಿಂಗ್ ಹೆಲ್ತಿಗೆ ಒಳ್ಳೇದು,” ಎನ್ನುತ್ತಿದ್ದಳು.

ಈಗ ಅವಳು ಅಪ್ಪನ ಬೆನ್ನ ಹಿಂದೆ ಅಡಗಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಅವಳಮ್ಮ, ಪುಟ್ಟ ತಮ್ಮ. ಅಪ್ಪ ನೆಲ ನೋಡುತ್ತಿದ್ದರು. ಅಂಗಡಿಯಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದ ಆ ಮನುಷ್ಯ ಇಲ್ಲಿ ಯಾರದೋ ಮನೆಗೆ ಕರೆಯದೇ ಬಂದವರ ಹಾಗೆ ಮೈ ಮುದುಡಿಕೊಂಡಿದ್ದರು.

ಲೀಡರ್ ಕಣ್ಣೆತ್ತಿದಳು. ಇಬ್ಬರ ಕಣ್ಣೂ ಸೇರಿದವು. ಇಬ್ಬರೂ ತಟ್ಟನೆ ಬೇರೆ ಕಡೆ ನೋಡಿದರು.

ಬಟಾಣಿಯ ಬೆರಳಿಗೆ ಬುಟ್ಟಿಯ ತಳ ತಾಗಿತು.

ಇನ್ನೂ ಹತ್ತಿರ ಹತ್ತಿರ ಬಂತು ಸಾಲು. ಬ್ಯಾಗಿನಿಂದ ಈಗ ತೆಗೆದು ಬುಟ್ಟಿಗೆ ಹಾಕಿಬಿಡಲೇ? ಆದರೆ ಎದುರಿಗೇ ಜನ ನಿಂತಿದ್ದಾರೆ. ಬಗ್ಗಿದರೆ ಕಾಣುತ್ತದೆ. ಅಮ್ಮ ನೋಡುತ್ತಾಳೆ. ಫಾದರ್ ಅಲ್ಲೇ ಬ್ರೆಡ್ ಕೊಡುತ್ತಿದ್ದಾರೆ. ಬೆಳಗ್ಗೆ ಅವರು ಬೋಧನೆ ಮಾಡುತ್ತಾ, “ಬಾಗಿಲು ಮುಚ್ಚೋಕೆ ಆಗದಷ್ಟು ಬೀರು ತುಂಬಿಸಿಟ್ಟವರು ಯಾರ‍್ಯಾರಿದ್ದೀರಿ?” ಎಂದು ಕೇಳಿದ್ದರು. ಬಟಾಣಿಯ ಮನೆಯ ಬೀರು ಚೆನ್ನಾಗಿಯೇ ಮುಚ್ಚುತ್ತಿತ್ತು. ಹಾಗಾಗಿ ಇದು ನನಗೆ ಹೇಳಿದ್ದಲ್ಲ ಎಂದುಕೊಂಡು ಅವಳು ಮುಂದಿನ ಬೆಂಚಿನವರ ತಲೆಗಳನ್ನು ನೋಡುತ್ತಾ ಕೂತಿದ್ದಳು.

ಕೊನೆಗೆ ಉಳಿದದ್ದು ಲೀಡರ್ ಮನೆಯವರು ನಾಲ್ವರು. ಬುಟ್ಟಿಯಲ್ಲಿ ಒಂದೇ ಕಿತ್ತಳೆ.

ಬಟಾಣಿ ಅದನ್ನು ಪುಟ್ಟ ತಮ್ಮನ ಕೈಗಿಟ್ಟಳು. ಅವನು ಎರಡೂ ಕೈಯಲ್ಲಿ ತಬ್ಬಿಕೊಂಡ. ಆಮೇಲೆ ಬಟಾಣಿಯ ಕೈ ಖಾಲಿ ಬುಟ್ಟಿಯಲ್ಲಿ ಸುಮ್ಮನೆ ತಡಕಾಡಿತು.

“ಏನಾಯ್ತು? ಮುಗಿದುಹೋಯ್ತಾ?” ಲಾರಿ ಅಂಕಲ್ ದಡದಡನೆ ಬಂದರು. ಅಷ್ಟು ಹೊತ್ತೂ ಅವರು ಹಾಲಿನಲ್ಲಿ ಓಡಾಡುತ್ತಾ, ಹಣ್ಣು ಸಿಹಿ ಇದೆಯಾ ಎಂದು ಎಲ್ಲರನ್ನೂ ವಿಚಾರಿಸುತ್ತಿದ್ದರು. “ಅದ್ಹೇಗೆ ಮುಗಿಯುತ್ತೆ? ಎಷ್ಟು ಜನ ಬಂದ್ರೂ ಮಿಗಬೇಕು ಅಂತ ನಿಂತು ಲೋಡ್ ಮಾಡಿಸಿದ್ದು ನಾನು!”

ಬಟಾಣಿ ಬ್ಯಾಗನ್ನು ಕಾಲಿನಿಂದ ಮೇಜಿನ ಒಳಕ್ಕೆ ತಳ್ಳಿದಳು.

“ನನಗೆ ಗೊತ್ತು,” ಎಂದರು ಲಾರಿ ಅಂಕಲ್. ದನಿ ಎತ್ತರವಾಯಿತು. “ಕೆಲವರು ಎರಡೆರಡು ಎತ್ಕೊಂಡಿರ್ತಾರೆ. ಧರ್ಮಕ್ಕೆ ಸಿಗುತ್ತೆ ಅಂದ್ರೆ ಹೀಗೇನೇ. ಏನ್ರೀ ತಾತ, ಆ ಜೇಬಲ್ಲಿ ಏನದು? ಅಷ್ಟು ಉಬ್ಬಿದೆ?”

ಹಾಲಿನ ಗದ್ದಲ ಪಟ್ಟನೆ ನಿಂತಿತು. ಚಮಚಗಳ ಸದ್ದೂ ನಿಂತಿತು.

ಛತ್ರಿ ತಾತನ ಕೋಟಿನ ಜೇಬು ನಿಜಕ್ಕೂ ಉಬ್ಬಿತ್ತು, ಗುಂಡಗೆ, ಕಿತ್ತಳೆಯ ಹಾಗೆ. ತಾತ ನಿಧಾನವಾಗಿ ಎದ್ದು ನಿಂತರು. ಛತ್ರಿಯನ್ನು ಕುರ್ಚಿಗೆ ಒರಗಿಸಿದರು. ಕೈಯನ್ನು ಜೇಬಿಗೆ ಹಾಕಿ ಹೊರಗೆಳೆದರು. ಸುತ್ತಿಟ್ಟ ಒಂದು ಜೊತೆ ಕಾಲುಚೀಲ. ಅಷ್ಟೇ. ಜೇಬಿನ ಒಳಬಟ್ಟೆ ನಾಲಿಗೆಯ ಹಾಗೆ ಹೊರಗೆ ಜೋತುಬಿತ್ತು.

“ಇನ್ನೊಂದು ಜೇಬೂ ನೋಡ್ಬೇಕಾ ಸ್ವಾಮಿ?” ಎಂದರು ತಾತ.

ಬಟಾಣಿಯ ಕಿವಿ ಬಿಸಿಯಾಯಿತು. ಅವಳು ಬಗ್ಗಿ, ಬ್ಯಾಗಿನ ಜಿಪ್ ಎಳೆದು, ಎರಡೂ ಕಿತ್ತಳೆಯನ್ನು ಮೇಜಿನ ಮೇಲಿಟ್ಟಳು. ಒಂದು ಉರುಳಿತು. ಲೀಡರ್ ಅದನ್ನು ಹಿಡಿದುಕೊಂಡಳು.

ಲಾರಿ ಅಂಕಲ್ ಮುಖ ಅರಳಿತು. “ಅಯ್ಯೋ, ನೋಡಿ ನೋಡಿ! ಈ ಪುಟ್ಟ ಹುಡುಗಿ ತನ್ನ ಪಾಲಿಂದು, ತಮ್ಮಮ್ಮನ ಪಾಲಿಂದು, ಎರಡನ್ನೂ ಕೊಡ್ತಿದಾಳೆ! ಇದಪ್ಪಾ ಮನಸ್ಸು ಅಂದ್ರೆ!” ಎಂದು ಚಪ್ಪಾಳೆ ತಟ್ಟಿದರು. ಒಂದಿಬ್ಬರು ತಾವೂ ತಟ್ಟಿದರು. ಫಾದರ್ ಬ್ರೆಡ್ಡಿನ ತಟ್ಟೆ ಹಿಡಿದುಕೊಂಡು ಅವಳ ಕಡೆ ನೋಡಿ ನಕ್ಕರು.

ಬಟಾಣಿಗೆ ಒಂದು ಕ್ಷಣ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಬಚಾವ್! ಯಾರಿಗೂ ಗೊತ್ತಾಗಲಿಲ್ಲ. ಸುಮ್ಮನಿದ್ದರೆ ಮುಗಿಯಿತು. ಹೊಗಳಿಕೆ ಬೇರೆ ಸಿಕ್ಕಿದೆ.

ಆದರೆ ಛತ್ರಿ ತಾತ ಇನ್ನೂ ನಿಂತೇ ಇದ್ದರು. ಕೈಯಲ್ಲಿ ಕಾಲುಚೀಲ. ಅವರಿಗೆ ಯಾರೂ ಕೂರಿ ಎನ್ನಲಿಲ್ಲ. ಪಕ್ಕದ ಹೆಂಗಸು ತನ್ನ ಕುರ್ಚಿಯನ್ನು ಅವರಿಂದ ತುಸು ದೂರ ಎಳೆದುಕೊಂಡದ್ದು ಬಟಾಣಿಗೆ ಕಾಣಿಸಿತು.

“ಅಲ್ಲ,” ಎಂದಳು ಬಟಾಣಿ.

ಯಾರಿಗೂ ಕೇಳಿಸಲಿಲ್ಲ. ಚಪ್ಪಾಳೆ ಇನ್ನೂ ಇತ್ತು.

“ಅಲ್ಲ ಅಂಕಲ್!” ದನಿ ಕೀರಲಾಗಿ ಬಂತು. “ಅದು ನಮ್ಮ ಪಾಲಿಂದಲ್ಲ. ನಾನು ಮೊದಲೇ ತೆಗೆದು ಬ್ಯಾಗಲ್ಲಿ ಇಟ್ಕೊಂಡಿದ್ದೆ. ಬಚ್ಚಿಟ್ಟಿದ್ದೆ. ತಾತ ಏನೂ ತಗೊಂಡಿಲ್ಲ. ನಾನು... ನಾನೇ ಕೊಟ್ಟಿದ್ದು ಅವರಿಗೆ. ಒಂದೇ ಕೊಟ್ಟೆ.”

ಚಪ್ಪಾಳೆ ನಿಂತಿತು. ಸೂಪಿನ ಪಾತ್ರೆಯ ಹಿಂದೆ ಸೌಟು ನಿಂತಿತು. ಅಮ್ಮನ ಮುಖ ಈಗ ಚೆನ್ನಾಗಿ ಕಾಣುತ್ತಿತ್ತು. ಬಟಾಣಿ ಅಲ್ಲಿಗೆ ನೋಡಲಿಲ್ಲ.

ಲಾರಿ ಅಂಕಲ್ ಕೈಗಳು ತಟ್ಟುವ ಹಾಗೇ ಗಾಳಿಯಲ್ಲಿದ್ದವು. ಅವನ್ನು ಎಲ್ಲಿಡುವುದು ಎಂದು ಅವರಿಗೆ ತಿಳಿಯಲಿಲ್ಲ. ಕೊನೆಗೆ, “ಓ... ಹಾಗಾ,” ಎಂದರು. ತಾತನ ಕಡೆ ತಿರುಗಿದರು. “ತಪ್ಪು ತಿಳ್ಕೋಬೇಡಿ ತಾತ. ನಾನು ಏನೋ... ಬಾಯಿ ತಪ್ಪಿ...” ಅವರ ಕುತ್ತಿಗೆ ಕೆಂಪಾಗಿತ್ತು.

ಫಾದರ್ ತಟ್ಟೆಯನ್ನು ಕೆಳಗಿಟ್ಟು ಬಂದರು. ತಾತನ ಜೇಬಿನ ಬಟ್ಟೆಯನ್ನು ತಾವೇ ಒಳಗೆ ತಳ್ಳಿ ಸರಿಮಾಡಿ, ಅವರ ತೋಳು ಹಿಡಿದು ಕೂರಿಸಿದರು.

“ಸಾರಿ ತಾತ,” ಎಂದಳು ಬಟಾಣಿ. ಕಣ್ಣು ತುಂಬಿ ಬಂದಿತ್ತು.

ತಾತ ಕಾಲುಚೀಲವನ್ನು ಮತ್ತೆ ಜೇಬಿಗೆ ತುರುಕಿದರು. “ಆ ಕಾಲುಚೀಲ ಒಗೆದು ಯಾವ ಕಾಲ ಆಯ್ತೋ ಮಗಳೇ,” ಎಂದರು. “ಇಷ್ಟು ಜನದ ಮುಂದೆ ತೆಗೀಬೇಕಾಗುತ್ತೆ ಅಂತ ಗೊತ್ತಿದ್ರೆ ಬೆಳಗ್ಗೆನೇ ಸೋಪ್ ಹಾಕಿರ್ತಿದ್ದೆ.”

ಯಾರೋ ಕಿಸಕ್ಕೆಂದರು. ಪಕ್ಕದ ಹೆಂಗಸು ಮೆಲ್ಲಗೆ ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ತಂದಳು. ಚಮಚಗಳು ಮತ್ತೆ ಸದ್ದು ಮಾಡತೊಡಗಿದವು.

ಮೇಜಿನ ಮೇಲಿನ ಎರಡು ಹಣ್ಣು ಲೀಡರ್‌ಗೂ ಅವಳಮ್ಮನಿಗೂ ಹೋದವು. “ನನಗೆ ಬೇಡ, ಹುಳಿ ಆಗಲ್ಲ,” ಎಂದು ಅವಳಪ್ಪ ಕೈ ಆಡಿಸಿದರು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಟಪ್ ಎಂದು ಮುಚ್ಚಳದ ಸದ್ದು ಕೇಳಿಸಿತು. ಡಬ್ಬಿ ಆಂಟಿ ಏಪ್ರನ್ ತುಂಬ ಕಿತ್ತಳೆ ಹಿಡಿದುಕೊಂಡು ಬಂದು ಬುಟ್ಟಿಗೆ ಸುರಿದರು.

“ಎಲ್ಲೋ ಉರುಳಿ ಹೋಗಿದ್ವು. ಈಗ ಸಿಕ್ಕಿದ್ವು,” ಎಂದರು ಯಾರ ಮುಖವನ್ನೂ ನೋಡದೆ.

ಅವು ಎಲ್ಲಿಗೆ ಉರುಳಿದ್ದವು ಎಂದು ಬಟಾಣಿಗೆ ಗೊತ್ತಿತ್ತು. ಅವಳು ಹೇಳಲಿಲ್ಲ. ಒಂದು ಹಣ್ಣು ಎತ್ತಿ ಲೀಡರ್ ಅಪ್ಪನ ಮುಂದೆ ಹಿಡಿದಳು. ಅವರು ಮತ್ತೊಮ್ಮೆ ಬೇಡ ಎನ್ನಲಿಲ್ಲ.

ಅಮ್ಮ ಹಿಂದಿನಿಂದ ಬಂದು ನಿಂತಳು. ಈಗ ಶುರುವಾಗುತ್ತೆ ಎಂದು ಬಟಾಣಿ ಹೆಗಲು ಕುಗ್ಗಿಸಿದಳು.

“ಪಾತ್ರೆ ಬಿದ್ದಿವೆ,” ಎಂದಳು ಅಮ್ಮ. “ತೋಳು ಮಡಚ್ಕೊಂಡು ಬಾ.” ಅಷ್ಟೇ ಹೇಳಿದಳು. ಆದರೆ ಹೋಗುವಾಗ ಒದ್ದೆ ಕೈಯಲ್ಲೇ ಬಟಾಣಿಯ ಕೆನ್ನೆ ಒರೆಸಿಬಿಟ್ಟು ಹೋದಳು.

ಸಿಂಕಿನ ತುಂಬ ಬಟ್ಟಲುಗಳು. ಬಟಾಣಿ ಸ್ಟೂಲಿನ ಮೇಲೆ ನಿಂತು ಉಜ್ಜುತ್ತಿದ್ದಳು. ನಾಳೆ ಸ್ಕೂಲ್. ಲೀಡರ್ ಎಲ್ಲವನ್ನೂ ನೋಡಿದ್ದಾಳೆ. ಇನ್ನು ಇಡೀ ಕ್ಲಾಸಿಗೆ ಕಿತ್ತಳೆ ಕಳ್ಳಿಯ ಕತೆ ಗೊತ್ತಾಗುತ್ತೆ. ಅವಳು ಉಜ್ಜಿದ ಬಟ್ಟಲನ್ನೇ ಮತ್ತೆ ಉಜ್ಜಿದಳು.

“ಇದನ್ನ ಎಲ್ಲಿಡ್ಲಿ?”

ಬಟಾಣಿ ತಿರುಗಿದಳು. ಲೀಡರ್ ನಾಲ್ಕು ಬಟ್ಟಲು ಹಿಡಿದುಕೊಂಡು ನಿಂತಿದ್ದಳು.

“ಇಲ್ಲೇ.”

ಬಟ್ಟಲು ಇಟ್ಟಳು. ಹೋಗಲಿಲ್ಲ. ಜಡೆಯ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಳು.

“ನಾಳೆ ಹೇಳ್ತೀಯಾ?” ಎಂದಳು ಕೊನೆಗೆ, ಪಿಸುದನಿಯಲ್ಲಿ.

“ನಾನಾ? ಏನನ್ನ?”

“ನಾವು ಇಲ್ಲಿಗೆ ಊಟಕ್ಕೆ ಬಂದಿದ್ವಿ ಅಂತ.”

ಬಟಾಣಿ ಅವಳ ಮುಖ ನೋಡಿದಳು. ಬೋರ್ಡ್ ಮುಂದೆ ಚಾಕ್‌ಪೀಸ್ ಹಿಡಿದು ನಿಲ್ಲುವ ಹುಡುಗಿ ಇವಳೇನಾ? ಇವಳಿಗೂ ಭಯವಾ? ಅದೂ ನನ್ನನ್ನು ಕಂಡರೆ ಭಯವಾ?

“ಇಲ್ಲ ಕಣೇ, ಹೇಳಲ್ಲ. ನೀನು ಹೇಳ್ತೀಯಾ? ನಾನು ಬಚ್ಚಿಟ್ಟಿದ್ದು...”

ಲೀಡರ್ ಇಲ್ಲ ಎಂದು ತಲೆ ಅಲ್ಲಾಡಿಸಿದಳು.

“ಆದ್ರೂ ಥ್ಯಾಂಕ್ಸ್,” ಎಂದಳು ಲೀಡರ್. “ಕೊಟ್ಟಿದ್ದಕ್ಕೆ. ನೀನು ಸುಮ್ನೆ ಇಟ್ಕೋಬಹುದಿತ್ತು.”

“ಥ್ಯಾಂಕ್ಸ್ ಯಾಕೆ? ನಾನೇನು ಕೊಟ್ಟೆ? ಅದು ನಿಮ್ಮದೇ ಆಗಿತ್ತಲ್ಲ.”

ಥ್ಯಾಂಕ್ಸ್ ಕೇಳಿ ಮುಜುಗರವಾಗಿ ಬಾಯಿಗೆ ಬಂದದ್ದನ್ನು ಹೇಳಿದ್ದಳು ಅಷ್ಟೇ. ಹೇಳಿದ ಮೇಲೆ ಮಾತ್ರ ನೀರಿನೊಳಗೆ ಅವಳ ಕೈ ನಿಂತಿತು. ನಿಮ್ಮದೇ ಆಗಿತ್ತು. ಅವು ಬ್ಯಾಗಿನಲ್ಲಿ, ಜಿಪ್ಪಿನ ಹಿಂದೆ, ಬೆಳಗಿನಿಂದ ತನ್ನ ಕಾಲಿನ ಹತ್ತಿರವೇ ಇದ್ದವು. ಆಗಲೂ ನಿಮ್ಮದೇ.

ಲೀಡರ್ ಮೊಳೆಗೆ ನೇತುಹಾಕಿದ್ದ ಬಟ್ಟೆಯನ್ನು ತೆಗೆದುಕೊಂಡಳು. ತೊಳೆದಿಟ್ಟ ಬಟ್ಟಲೊಂದನ್ನು ಎತ್ತಿ ಒರೆಸತೊಡಗಿದಳು. ಮೊದಲು ಒಳಗೆ, ಆಮೇಲೆ ಹೊರಗೆ.

“ತಳದಲ್ಲೂ ಒರೆಸು,” ಎಂದಳು ಬಟಾಣಿ. “ಅಲ್ಲೇ ನೀರು ನಿಲ್ಲೋದು.”

ಬಟಾಣಿ ಸ್ಟೂಲಿನ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು, ಸಿಂಕಿನ ಹತ್ತಿರ ಅವಳಿಗೂ ಜಾಗ ಬಿಟ್ಟಳು.